ಕಾರ್ಟೂನ್ ಅಂದ ಮಾತ್ರಕ್ಕೆ ಮಕ್ಕಳದ್ದಲ್ಲ

“ಕಾರ್ಟೂನ್ ತಾನೇ, ನೋಡಲಿ ಬಿಡಿ” ಎಂಬ ಮಾತು ನಮ್ಮ ಮನೆಗಳಲ್ಲಿ ದಿನಕ್ಕೆ ಎಷ್ಟು ಸಲ ಬರುತ್ತದೋ ಲೆಕ್ಕವಿಲ್ಲ. ಸಿನಿಮಾ ಹಾಡು ಕೇಳಿದರೆ ಮುಖ ಸಿಂಡರಿಸುವ ಹಿರಿಯರೂ ಕಾರ್ಟೂನ್ ಅಂದರೆ ಸುಮ್ಮನಾಗುತ್ತಾರೆ. ಬಣ್ಣದ ಚಿತ್ರ, ಕೀರಲು ಸ್ವರ, ಹಾರುವ ಮನುಷ್ಯ. ಇದರಲ್ಲಿ ಹಾಳಾಗಲಿಕ್ಕೆ ಏನುಂಟು ಎಂಬ ಧೈರ್ಯ. ಉಪ್ಪ ಗಲ್ಫ್‌ನಲ್ಲಿ, ಉಮ್ಮ ಅಡುಗೆ ಮನೆಯಲ್ಲಿ, ಮಗುವಿನ ಕೈಯಲ್ಲಿ ಮೊಬೈಲ್. ಪರದೆಯ ಮೇಲೆ ಬ್ಯಾಟ್‌ಮ್ಯಾನ್ ಕಂಡರೆ ಎಲ್ಲರಿಗೂ ಸಮಾಧಾನ.

ನಮ್ಮ ತಕರಾರು ಇರುವುದು ಈ ಸಮಾಧಾನದ ಬಗ್ಗೆಯೇ.

ಹಾರ್ಲಿ ಕ್ವಿನ್ ಎಂಬ ಪಾತ್ರವನ್ನು ನೋಡಿ. 1992ರಲ್ಲಿ ಅಮೆರಿಕದ ಟಿವಿಯಲ್ಲಿ ಮಕ್ಕಳಿಗಾಗಿ ಬಂದ ಬ್ಯಾಟ್‌ಮ್ಯಾನ್ ಕಾರ್ಟೂನ್ ಸರಣಿಯಲ್ಲಿ, ಜೋಕರ್ ಎಂಬ ಖಳನ ಜತೆಗಾರ್ತಿಯಾಗಿ ಅವಳು ಮೊದಲ ಬಾರಿ ಕಾಣಿಸಿಕೊಂಡಳು. 2019ರ ನವೆಂಬರ್‌ನಲ್ಲಿ ಅವಳ ಹೆಸರಿನಲ್ಲೇ ಇನ್ನೊಂದು ಕಾರ್ಟೂನ್ ಸರಣಿ ಶುರುವಾಯಿತು. ಅದೇ ಗೋಥಮ್ ನಗರ, ಅದೇ ಬಾವಲಿಯ ಗುರುತು. ಆದರೆ ಇದು ದೊಡ್ಡವರಿಗೆ ಮಾಡಿದ್ದು. ಮೂಳೆ ಮುರಿಯುತ್ತದೆ, ರಕ್ತ ಚಿಮ್ಮುತ್ತದೆ, ಬಾಯಿ ತೆರೆದರೆ ಬೈಗುಳ. ಪೊಲೀಸ್ ಕಮಿಷನರ್ ಗಾರ್ಡನ್ ಬ್ಯಾಟ್‌ಮ್ಯಾನ್‌ನ ಗೆಳೆತನಕ್ಕೆ ಹಪಹಪಿಸುವ ಕಂಗಾಲು ಮನುಷ್ಯ. ಎಲ್ಲರನ್ನೂ ನಡುಗಿಸಬೇಕಿದ್ದ ಬೇನ್ ಎಂಬ ದೈತ್ಯ ಇಲ್ಲಿ ಎಲ್ಲರ ಗೇಲಿಗೆ ಸಿಕ್ಕುವ ಬಡಪಾಯಿ. ಹಳೆಯ ಸರಣಿಯನ್ನು ಬಾಲ್ಯದಲ್ಲಿ ನೋಡಿ ಬೆಳೆದವನಿಗೆ ಇದು ಹೊಟ್ಟೆ ಹುಣ್ಣಾಗುವಷ್ಟು ನಗು. ಬಾವಲಿ ಗುರುತಿನ ಶಾಲಾ ಚೀಲ ಹಾಕಿಕೊಂಡ ಎಂಟು ವರ್ಷದ ಹುಡುಗನಿಗೆ? ಅವನಿಗೆ ಎರಡೂ ಒಂದೇ ಕಾರ್ಟೂನ್.

ಅಣಕಕ್ಕೆ ಅಸಲು ಬೇಕು ಮಾರಾಯ್ರೆ. ನಮ್ಮ ಕರಾವಳಿಯ ಯಕ್ಷಗಾನದಲ್ಲಿ ಹಾಸ್ಯಗಾರ ರಾಜನ ಎದುರೇ ರಾಜನನ್ನು ಲೇವಡಿ ಮಾಡುತ್ತಾನೆ. ಬಯಲಿನಲ್ಲಿ ಕೂತವರು ನಗುವುದು ಅವರಿಗೆ ಪ್ರಸಂಗ ಮೊದಲೇ ಗೊತ್ತಿರುವುದರಿಂದ. ಕಥೆಯೇ ಗೊತ್ತಿಲ್ಲದವನಿಗೆ ಅದು ಯಾರೋ ಯಾರನ್ನೋ ಬೈದ ಹಾಗೆ ಕೇಳುತ್ತದೆ. ಸೂಪರ್ ಹೀರೋ ಅಣಕವೂ ಹಾಗೆಯೇ. ನ್ಯಾಯವಂತ ನಾಯಕನನ್ನು ಇನ್ನೂ ಸರಿಯಾಗಿ ನಂಬಿಯೇ ಇರದ ಮಗುವಿಗೆ ಆ ನಾಯಕ ಕುಸಿದು ಬೀಳುವುದರಲ್ಲಿ ಏನು ಹಾಸ್ಯ ಕಾಣಬೇಕು? ಹಾಸ್ಯ ಸೋರಿ ಹೋಗಿ ರಕ್ತ ಮತ್ತು ಬೈಗುಳ ಮಾತ್ರ ಉಳಿಯುತ್ತದೆ. ಮಗು ಕಲಿಯುವುದೂ ಅದನ್ನೇ.

ಹಾಗಂತ ಇಂಥ ಕಾರ್ಟೂನ್‌ಗಳೆಲ್ಲ ಹೊಲಸು, ಮುಟ್ಟಬಾರದು ಎಂದು ಒಂದೇ ಏಟಿಗೆ ಹೇಳಿ ಮುಗಿಸಲು ನಾವು ತಯಾರಿಲ್ಲ. ಅಣಕ ಸೂಪರ್ ಹೀರೋಗಳಷ್ಟೇ ಹಳೆಯದು. ಸೂಪರ್‌ಮ್ಯಾನ್ ಹುಟ್ಟಿದ್ದು 1938ರಲ್ಲಿ. 1953ರಲ್ಲೇ ‘ಮ್ಯಾಡ್’ ಪತ್ರಿಕೆ ‘ಸೂಪರ್‌ಡೂಪರ್‌ಮ್ಯಾನ್’ ಎಂದು ಅವನ ಗೇಲಿ ಮಾಡಿತ್ತು. 1989ರಲ್ಲಿ ಶುರುವಾದ ‘ದಿ ಸಿಂಪ್ಸನ್ಸ್’ ಕಾರ್ಟೂನ್‌ನಲ್ಲಿ ಹುಡುಗರು ಹುಚ್ಚು ಹಿಡಿಸಿಕೊಂಡ ‘ರೇಡಿಯೋಆಕ್ಟಿವ್ ಮ್ಯಾನ್’ ಎಂಬ ಹೀರೋ ಒಬ್ಬನಿದ್ದಾನೆ. 1995ರ ಒಂದು ಕಂತಿನಲ್ಲಿ ಅವನ ಸಿನಿಮಾ ತೆಗೆಯಲು ಹಾಲಿವುಡ್‌ನವರು ಆ ಪುಟ್ಟ ಊರಿಗೆ ಬರುತ್ತಾರೆ. ಹೀರೋನ ಬಲಗೈ ಬಂಟನ ಪಾತ್ರಕ್ಕೆ ಆಯ್ಕೆಯಾದ ಹುಡುಗ ಮಿಲ್‌ಹೌಸ್‌ಗೆ ಆ ಕೆಲಸ ಒಂದಿಷ್ಟೂ ಬೇಡ. ಊರಿನವರಿಗೋ, ಚಿತ್ರತಂಡದಿಂದ ಸಿಕ್ಕಷ್ಟು ದೋಚುವ ಆತುರ. ಕೊನೆಗೆ ಹುಡುಗ ಓಡಿ ಹೋಗುತ್ತಾನೆ, ಚಿತ್ರತಂಡ ದಿವಾಳಿಯಾಗಿ ವಾಪಸಾಗುತ್ತದೆ. ಮಕ್ಕಳನ್ನು ರೀಲ್ಸ್‌ಗೆ ಕುಣಿಸುವ ಇಂದಿನ ಅಪ್ಪ ಅಮ್ಮಂದಿರು ಒಮ್ಮೆ ನೋಡಬೇಕಾದ ಕಂತು ಅದು.

ಇನ್ನೂ ಮೊನಚಾದದ್ದು ‘ಸೌತ್ ಪಾರ್ಕ್’. 2009ರ ಒಂದು ಕಂತಿನಲ್ಲಿ ಕಾರ್ಟ್‌ಮನ್ ಎಂಬ ದುಷ್ಟ ಹುಡುಗ ವೇಷ ಕಟ್ಟಿಕೊಂಡು ‘ಕೂನ್’ ಎಂಬ ಹೀರೋ ಆಗುತ್ತಾನೆ. ಅವನಿಗೆ ಬೇಕಾದದ್ದು ಊರಿನ ಕ್ಷೇಮ ಅಲ್ಲ, ಊರಿನ ಚಪ್ಪಾಳೆ. ಇನ್ನೊಬ್ಬ ಮುಸುಕುಧಾರಿಗೆ ಹೆಸರು ಬಂದ ಕೂಡಲೇ ಹೊಟ್ಟೆಕಿಚ್ಚಿನಿಂದ ಉರಿಯುತ್ತಾನೆ. 2010ರಲ್ಲಿ ಕಥೆ ಮುಂದುವರಿದಾಗ ತನಗಾಗದವರನ್ನೆಲ್ಲ ನಾಶ ಮಾಡಿಸುತ್ತಾ, ಲೋಕವನ್ನು ಉದ್ಧಾರ ಮಾಡುತ್ತಿದ್ದೇನೆ ಎಂದು ಮನಸಾರೆ ನಂಬುತ್ತಾನೆ. ಅದೇ ಕಥೆಯಲ್ಲಿ ‘ಕ್ಯಾಪ್ಟನ್ ಹೈಂಡ್‌ಸೈಟ್’ ಎಂಬ ಇನ್ನೊಬ್ಬ ಹೀರೋ ಬರುತ್ತಾನೆ. ಅವನ ಶಕ್ತಿ ಏನು ಗೊತ್ತುಂಟಾ? ಅನಾಹುತ ಆದ ಮೇಲೆ ಬಂದು, ಹೀಗೆ ಮಾಡಬೇಕಿತ್ತು, ಹಾಗೆ ಕಟ್ಟಬೇಕಿತ್ತು ಎಂದು ಹೇಳಿ ಹಾರಿ ಹೋಗುವುದು. ಬೆಂಕಿ ಬಿದ್ದ ಕಟ್ಟಡದಲ್ಲಿ ಜನ ಸಿಕ್ಕಿಕೊಂಡಿದ್ದಾರೆ, ಇವನಿಗೆ ಕೆಳಗೆ ಜೈಕಾರ. ಟಿವಿ ಚರ್ಚೆಗಳಲ್ಲಿ, ಜಮಾಅತಿನ ಸಭೆಗಳಲ್ಲಿ, ಮದುವೆ ಮನೆಯ ಊಟ ಮುಗಿದ ಮೇಲೆ ಇಂಥ ಕ್ಯಾಪ್ಟನ್‌ಗಳನ್ನು ನಾವು ನೋಡಿಲ್ಲವೇ!

ಇನ್ನೊಂದು ಉದಾಹರಣೆ ನಮಗೆ ಬಹಳ ಮುಖ್ಯ ಅನಿಸುತ್ತದೆ. ‘ರಿಕ್ ಆಂಡ್ ಮಾರ್ಟಿ’ ಸರಣಿಯ 2017ರ ಒಂದು ಕಂತಿನಲ್ಲಿ ‘ವಿಂಡಿಕೇಟರ್ಸ್’ ಎಂಬ ಹೀರೋಗಳ ತಂಡವಿದೆ. ಮಾರ್ಟಿ ಎಂಬ ಹುಡುಗನಿಗೆ ಅವರೆಂದರೆ ಪ್ರಾಣ. ನಿಧಾನಕ್ಕೆ ಅವನಿಗೆ ತಿಳಿಯುವುದೇನೆಂದರೆ, ಒಬ್ಬ ಖಳನನ್ನು ಕೊಲ್ಲಲು ಆ ತಂಡ ಒಂದಿಡೀ ಗ್ರಹವನ್ನೇ ಸುಟ್ಟು ಹಾಕಿತ್ತು. ಅಲ್ಲಿದ್ದ ಅಮಾಯಕರ ಲೆಕ್ಕ ಯಾರೂ ಕೇಳಿರಲಿಲ್ಲ, ಏಕೆಂದರೆ ಸುಟ್ಟವರು ಹೀರೋಗಳು. ಒಬ್ಬನನ್ನು ಹಿಡಿಯುವ ಹೆಸರಿನಲ್ಲಿ ಊರಿಗೆ ಊರೇ ಬಾಂಬಿಗೆ ಬೂದಿಯಾಗುವುದನ್ನು ಸುದ್ದಿಯಲ್ಲಿ ನೋಡಿ ಎದೆ ಭಾರ ಮಾಡಿಕೊಂಡವರು ನಾವು. ಆ ನೋವಿನ ಪ್ರಶ್ನೆಯನ್ನು ಅಮೆರಿಕದ ಒಂದು ತಮಾಷೆಯ ಕಾರ್ಟೂನ್, ಇಷ್ಟು ನೇರವಾಗಿ, ತನ್ನದೇ ನಾಡಿನ ಹೀರೋ ಕಲ್ಪನೆಯ ಮುಖಕ್ಕೆ ಎಸೆದಿದೆ ಎಂಬುದನ್ನು ಒಪ್ಪಲು ನಮಗೆ ಸಂಕೋಚವಿಲ್ಲ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಇದೇ ಸೌತ್ ಪಾರ್ಕ್ 2001ರಲ್ಲಿ ಎಲ್ಲ ಧರ್ಮಗಳ ಪೂಜ್ಯರನ್ನು ಸೂಪರ್ ಹೀರೋ ತಂಡದಂತೆ ತೋರಿಸಿತು, ನಮ್ಮ ಪ್ರವಾದಿಯವರನ್ನೂ (ಸ) ಬಿಡಲಿಲ್ಲ. 2010ರಲ್ಲಿ ಅದೇ ವಿಷಯ ಮತ್ತೆ ಕೆದಕಿದಾಗ ದೊಡ್ಡ ವಿವಾದವಾಗಿ, ಚಾನೆಲ್‌ನವರೇ ಕತ್ತರಿ ಹಾಕಿದರು. ನಮಗೆ ಅದು ನೋವಿನ ಸಂಗತಿ, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಅಧಿಕಾರದ ಸೊಕ್ಕನ್ನು ಗೇಲಿ ಮಾಡುವುದು ಬೇರೆ, ಕೋಟಿಗಟ್ಟಲೆ ಜನ ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುವವರನ್ನು ಗೇಲಿಯ ಸರಕು ಮಾಡುವುದು ಬೇರೆ. ಈ ಸರಣಿಗಳ ಜನರಿಗೆ ಆ ವ್ಯತ್ಯಾಸ ಕಾಣುವುದಿಲ್ಲ. ಹದಿನೇಳು, ಹದಿನೆಂಟರ ನಮ್ಮ ಹುಡುಗರು ಇದನ್ನೆಲ್ಲ ಹಾಸ್ಟೆಲಿನಲ್ಲೋ ಗೆಳೆಯರ ಫೋನಿನಲ್ಲೋ ಹೇಗೂ ನೋಡುತ್ತಾರೆ. ಅಂಥವನು “ಉಪ್ಪಾ, ಇದು ಯಾಕೆ ಹೀಗೆ” ಎಂದು ಕೇಳಿಕೊಂಡು ಬಂದರೆ ಉತ್ತರ ಕೊಡಲು ಮನೆಯಲ್ಲಿ ಯಾರಾದರೂ ಇರಬೇಕಲ್ಲ? ಕೇಳುವ ಮೊದಲೇ “ಹರಾಂ, ಬಾಯಿ ಮುಚ್ಚು” ಅಂದರೆ ಅವನು ನೋಡುವುದನ್ನು ನಿಲ್ಲಿಸುವುದಿಲ್ಲ, ಕೇಳುವುದನ್ನು ನಿಲ್ಲಿಸುತ್ತಾನೆ ಅಷ್ಟೆ. ಯಾವುದು ಚುಚ್ಚಬೇಕಾದ ಕಡೆ ಚುಚ್ಚಿದ ನಗು, ಯಾವುದು ಬರೀ ಕೊಬ್ಬು ಎಂದು ಬೇರ್ಪಡಿಸುವುದನ್ನು ಅವನು ಯಾರ ಹತ್ತಿರ ಕಲಿಯಬೇಕು?

ಚಿಕ್ಕ ಮಕ್ಕಳ ವಿಷಯದಲ್ಲಿ ಮಾತ್ರ ನಮಗೆ ಎರಡು ಮಾತಿಲ್ಲ. 2021ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ತಂದ ನಿಯಮಗಳ ಪ್ರಕಾರ ಒಟಿಟಿಯಲ್ಲಿ ಬರುವ ಪ್ರತಿಯೊಂದಕ್ಕೂ ವಯಸ್ಸಿನ ಗುರುತು ಇರಬೇಕು: ಯು, ಯು/ಎ 7+, 13+, 16+, ಕೊನೆಯದು ಎ. 13+ ಮತ್ತು ಅದಕ್ಕೂ ಮೇಲಿನವುಗಳಿಗೆ ಹೆತ್ತವರು ಬೀಗ ಹಾಕುವ ವ್ಯವಸ್ಥೆ ಕೊಡಲೇಬೇಕು. ಕಾರ್ಟೂನಿಗೂ ಇದೇ ನಿಯಮ. ಹಾಕುವ ಮೊದಲು ಪರದೆಯ ಮೂಲೆಯಲ್ಲಿರುವ ಆ ಪುಟ್ಟ ಅಕ್ಷರ ಓದಲು ಎರಡು ಸೆಕೆಂಡು ಸಾಕು. ಆದರೆ ಯಾರೋ ಕತ್ತರಿಸಿ ಯೂಟ್ಯೂಬಿಗೋ ರೀಲ್ಸ್‌ಗೋ ಹಾಕಿದ ಅರ್ಧ ನಿಮಿಷದ ತುಣುಕಿನಲ್ಲಿ ಈ ಗುರುತು ಕಾಣಸಿಗುವುದಿಲ್ಲ. ಅಲ್ಲಿ ಬೀಗವೂ ಕೆಲಸಕ್ಕೆ ಬರುವುದಿಲ್ಲ, ಪಕ್ಕದಲ್ಲಿ ಕೂರುವುದೊಂದೇ ದಾರಿ. ಇನ್ನು ಬೀಗದ ಕಥೆ ಕೇಳಿದರೆ, ಎಷ್ಟೋ ಮನೆಗಳಲ್ಲಿ ಉಮ್ಮನ ಫೋನಿಗೆ ಆ ನಾಲ್ಕಂಕಿಯ ಪಿನ್ ಹಾಕಿಕೊಟ್ಟವನೇ ಮನೆಯ ಹತ್ತು ವರ್ಷದ ಮಗ.