ಎದೆ ಸೀಳಿದ ಚಾಲಕನ ಪ್ರಶ್ನೆ

ರಿಡ್ಲಿ ಸ್ಕಾಟ್ ನಿರ್ದೇಶಿಸಿದ 1979ರ ‘ಏಲಿಯನ್’ ಚಿತ್ರದಲ್ಲಿ ನಾಸ್ಟ್ರೋಮೋ ನೌಕೆಯ ಮೂವರು, ನಿರ್ಜನ ಆಕಾಶಕಾಯವೊಂದರ ಮೇಲೆ ಪಾಳುಬಿದ್ದ ಅಪರಿಚಿತ ನೌಕೆಯನ್ನು ಹೊಗುತ್ತಾರೆ. ಒಳಗೆ ಬೃಹತ್ಕಾಯದ ಚಾಲಕನೊಬ್ಬನ ಅವಶೇಷ. ಎಂದೋ ಶಿಲೆಯಾಗಿ ಪೀಠದೊಡನೆ ಬೆಸೆದುಕೊಂಡಂತಿದೆ. ಎದೆಯ ಎಲುಬುಗಳು ಹೊರಮುಖವಾಗಿ ಬಾಗಿವೆ. ಅವನಾರು, ಎಲ್ಲಿಗೆ ಹೊರಟಿದ್ದ, ನೌಕೆಯ ಒಡಲಲ್ಲಿ ಆ ಮೊಟ್ಟೆಗಳೇಕೆ? ಚಿತ್ರ ಒಂದಕ್ಕೂ ಉತ್ತರಿಸುವುದಿಲ್ಲ. ಮುಂದೆ ಸಿಬ್ಬಂದಿಯೊಬ್ಬನ ಎದೆಯೊಡೆದು ಜೀವಿಯೊಂದು ಹೊರಬಂದಾಗ ಮಾತ್ರ ಆ ಬಾಗಿದ ಎಲುಬುಗಳ ಅರ್ಥ ಪ್ರೇಕ್ಷಕನಿಗೆ ತಾನಾಗಿ ಹೊಳೆಯುತ್ತದೆ. ವಾಚ್ಯವಾಗಿಸದೆ ತಿಳಿಸುವ ಈ ಬಗೆಯನ್ನು, ಧ್ವನಿತತ್ತ್ವ ಓದಿದ ವಿದ್ಯಾರ್ಥಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಉತ್ತರಿಸದ ಪ್ರಶ್ನೆಗಳೆಲ್ಲ ಒಂದೇ ಜಾತಿಯವಲ್ಲ. 1992ರ ‘ಏಲಿಯನ್ 3’ರ ಆರಂಭದಲ್ಲಿ ರಿಪ್ಲಿಯ ನೌಕೆಯೊಳಗೆ ಮೊಟ್ಟೆಯೊಂದು ಕಾಣಿಸಿಕೊಳ್ಳುತ್ತದೆ. ರಾಣಿಜೀವಿಯೇ ಇಟ್ಟಿತೆನ್ನೋಣವೆಂದರೆ, ಹಿಂದಿನ ಚಿತ್ರದಲ್ಲಿ ಅದು ತನ್ನ ಅಂಡಕೋಶವನ್ನು ಕಿತ್ತೊಗೆದೇ ಬೆನ್ನಟ್ಟಿ ಬಂದಿತ್ತು. ಇಲ್ಲಿನ ಮೌನ ಧ್ವನಿಯಲ್ಲ, ಕಥೆ ಹೊಸೆಯುವವರ ಅನುಕೂಲ. ರಿಪ್ಲಿ ಪ್ರಾಣವನ್ನೇ ಪಣವಿಟ್ಟು ಕಾಪಾಡಿದ್ದ ಬಾಲೆ ನ್ಯೂಟ್ ಆ ಅನುಕೂಲಕ್ಕೆ ಬಲಿಯಾದಳು.

ಉತ್ತರವೆಲ್ಲವೂ ಕೇಡೆಂದೇನೂ ಅಲ್ಲ. 1986ರ ‘ಏಲಿಯನ್ಸ್’ನಲ್ಲಿ ಜೇಮ್ಸ್ ಕ್ಯಾಮರಾನ್ ಮೊಟ್ಟೆಗಳಿಗೊಬ್ಬ ತಾಯಿಯನ್ನು ತಂದಾಗ ಉತ್ತರವೇ ಹೊಸ ಭಯವಾಯಿತು. ಎಲ್ಲ ಉತ್ತರಭಾಗಗಳಿಗೂ ಆ ಭಾಗ್ಯವಿಲ್ಲ.

2012ರ ‘ಪ್ರಮೀಥಿಯಸ್’ ಪೂರ್ವಕಥೆಯಲ್ಲಿ ಸ್ಕಾಟ್ ತಾನು ಕಾಯ್ದಿಟ್ಟಿದ್ದ ಮೌನವನ್ನು ತಾನೇ ಮುರಿದ. ಎಲುಬೆಂದು ಕಂಡದ್ದು ಕೇವಲ ಕವಚವಾಯಿತು. ಒಳಗಿದ್ದವನು ಮನುಷ್ಯನನ್ನೇ ಹೋಲುವ ಬಿಳಿಚಿದ ದೈತ್ಯ, ಮಾನವಕುಲದ ಜನಕ. ಅಪಾರವಾಗಿದ್ದ ವಿಶ್ವ ಒಮ್ಮೆಗೇ ದಾಯಾದಿಗಳ ಅಂಗಳವಾಯಿತು. ಸೃಷ್ಟಿಸಿದವರೇ ನಾಶವನ್ನೇಕೆ ಬಯಸಿದರೆಂಬ ಪ್ರಶ್ನೆ ಹೊತ್ತು ಪುರಾತತ್ತ್ವಜ್ಞೆ ಎಲಿಜಬೆತ್ ಶಾ ಅವರ ನೆಲೆಯನ್ನರಸಿ ಹೊರಡುವಲ್ಲಿ ಚಿತ್ರ ಮುಗಿಯುತ್ತದೆ. ಪ್ರೇಕ್ಷಕ ಐದು ವರ್ಷ ಕಾದ. 2017ರ ‘ಏಲಿಯನ್: ಕವನೆಂಟ್’ನ ಕಥೆ ಆ ನೆಲೆಯನ್ನು ಮುಟ್ಟುವ ವೇಳೆಗೆ ಆಕೆ ಸತ್ತಿದ್ದಾಳೆ, ಉತ್ತರಿಸಬಹುದಾಗಿದ್ದ ದೈತ್ಯರನ್ನು ಯಂತ್ರಮಾನವ ಡೇವಿಡ್ ಕಪ್ಪು ವಿಷ ಸುರಿದು ಕೊಂದಿದ್ದಾನೆ. ಕೇಳಿದವಳೂ ಇಲ್ಲ, ಹೇಳುವವರೂ ಇಲ್ಲ. ಇದನ್ನು ನಿಗೂಢತೆಯೆಂದು ಕೊಂಡಾಡುವುದು ಔದಾರ್ಯದ ಅತಿರೇಕ.

ಸಾಲದೆಂಬಂತೆ, ಆ ಘೋರಜೀವಿಯನ್ನು ರೂಪಿಸಿದವನು ಡೇವಿಡನೇ ಎಂದೂ ಚಿತ್ರ ಸೂಚಿಸುತ್ತದೆ. ಹಾಗಾದರೆ, ಎಂದೋ ಶಿಲೆಯಾಗಿ ಹೋದ ಆ ಮೊದಲ ಚಾಲಕನ ಎದೆಯನ್ನು ಸೀಳಿದ್ದು ಯಾವುದು?