ನೀರು ಹಾಲಾಗಲೇಬೇಕೆ?

ಕಳೆದ ವರ್ಷ ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಸಣ್ಣದೊಂದು ಛಾಯಾಚಿತ್ರ ಪ್ರದರ್ಶನ ಇಟ್ಟಿದ್ದೆವಷ್ಟೆ. ಅದರಲ್ಲಿ ನನ್ನದೂ ಒಂದು ಚಿತ್ರವಿತ್ತು. ಮಳೆಗಾಲದಲ್ಲಿ ಊರಿಗೆ ಹೋದಾಗ ಅಜ್ಜಿಮನೆಯ ತೋಟದ ಬದಿಯ ತೋಡನ್ನು ಹಿಡಿದದ್ದು. ಶಟರನ್ನು 8 ಸೆಕೆಂಡು ತೆರೆದಿಟ್ಟು ತೆಗೆದು, ಆಮೇಲೆ ಕಪ್ಪುಬಿಳುಪಿಗೆ ತಿರುಗಿಸಿದ್ದೆ. "ಆಹಾ, ಹಾಲು ಹರಿದ ಹಾಗಿದೆ" ಎಂದು ನೋಡಿದವರೆಲ್ಲ ಹೇಳಿದರು. ನಾನೂ ಉಬ್ಬಿಹೋದೆ.

ಆಗ ಮುಂಬಯಿಗೆ ಬಂದಿದ್ದ ಸೋದರಮಾವನನ್ನೂ ಪ್ರದರ್ಶನಕ್ಕೆ ಕರೆದುಕೊಂಡು ಹೋಗಿದ್ದೆ. ಅವರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

"ಇದು ಯಾವ ಊರಿನ ತೋಡು ಮಾರಾಯ?"

"ನಮ್ಮದೇ ಮಾವ."

"ನಮ್ಮದಾ? ಸಂಕ ಕೊಂಡುಹೋದ ನೀರು ಇದಾ? ಇದಕ್ಕೆ ಒಂದು ತೆಂಗಿನಗರಿ ಕೊಂಡುಹೋಗುವ ತಾಕತ್ತೂ ಇದ್ದ ಹಾಗೆ ಕಾಣುವುದಿಲ್ಲ!"

ಆ ಮಾತು ನಾಟಿತು. ಆ ಮಳೆಗಾಲ ತೋಡು ಕೆಂಪಗೆ ಉಕ್ಕಿ, ಅಡಿಕೆಮರದ ಸಂಕವನ್ನು ಕೊಚ್ಚಿಕೊಂಡು ಹೋಗಿತ್ತು. ತೋಟದ ಅಂಚಿನ ನಾಲ್ಕು ಮರಗಳೂ ಉರುಳಿದ್ದವು. ಅಜ್ಜಿ ಎರಡು ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಇದನ್ನೆಲ್ಲ ಕಣ್ಣಾರೆ ಕಂಡ ನಾನು ಊರಿನಿಂದ ಹೊತ್ತು ತಂದದ್ದು ಮಾತ್ರ ಒಂದು ಲೋಟ ಹಾಲು.

ಈ ಕತೆ ಕೇಳಿದ ಗೆಳೆಯನೊಬ್ಬ ತಕ್ಷಣ ತೀರ್ಪು ಕೊಟ್ಟ: "ಅದಕ್ಕೇ ಹೇಳೋದು, ಸ್ಲೋ ಶಟರ್ ಅನ್ನೋದೇ ಸುಳ್ಳು. ಕಣ್ಣಿಗೆ ಕಾಣದ್ದನ್ನ ಕ್ಯಾಮೆರಾ ತೋರಿಸಬಾರದು."

ಇದನ್ನು ನಾನು ಒಪ್ಪಲಾರೆ. ಕಣ್ಣಿಗೆ ಕಾಣದ್ದೆಲ್ಲ ಸುಳ್ಳಾದರೆ ಅತಿ ವೇಗದ ಚಿತ್ರವೂ ಸುಳ್ಳೇ. ಅಮೆರಿಕದ ಹೆರಾಲ್ಡ್ ಎಜರ್ಟನ್ 1964ರಲ್ಲಿ ಸೇಬುಹಣ್ಣನ್ನು ಸೀಳಿಕೊಂಡು ಹೋಗುತ್ತಿರುವ ಗುಂಡಿನ ಚಿತ್ರ ತೆಗೆದರು. ಗುಂಡು ಹೊರಬಿದ್ದಿದೆ, ಹಣ್ಣು ಇನ್ನೂ ನಿಂತೇ ಇದೆ, ಎರಡು ಪಕ್ಕದಲ್ಲೂ ತಿರುಳು ಸಿಡಿದಿದೆ. ಕಣ್ಣುರೆಪ್ಪೆ ಮಿಟುಕಿಸುವುದಕ್ಕಿಂತ ಎಷ್ಟೋ ಪಾಲು ಕಡಿಮೆ ಹೊತ್ತು ಬೆಳಗುವ ಫ್ಲಾಶಿನಿಂದ ಸಾಧಿಸಿದ ಕೆಲಸ ಅದು. ಅದನ್ನು ಯಾವ ಮನುಷ್ಯನ ಕಣ್ಣು ಕಂಡಿತ್ತು? ಆದರೂ ಅದನ್ನು ಯಾರೂ ಸುಳ್ಳೆನ್ನುವುದಿಲ್ಲ. ಕ್ಷಣವನ್ನು ಸೀಳಿ ತೋರಿಸುವುದು ಸತ್ಯವಾದರೆ, ಕ್ಷಣಗಳನ್ನು ಕೂಡಿಸಿ ತೋರಿಸುವುದೂ ಸತ್ಯವೇ ಆಗಬೇಕು.

ಹಾಗಾದರೆ ನನ್ನ ಚಿತ್ರದಲ್ಲಿ ತಪ್ಪಿದ್ದೆಲ್ಲಿ? ತಿಳಿಯಲಿಕ್ಕೆ ಮನೆಯಲ್ಲೇ ಒಂದು ಪ್ರಯೋಗ ಮಾಡಿದೆ. ನಮ್ಮ ಕಟ್ಟಡದಲ್ಲಿ ನೀರು ಬರುವುದು ಬೆಳಿಗ್ಗೆ ಎರಡು ಗಂಟೆ ಮಾತ್ರ. ಆ ಹೊತ್ತಿನಲ್ಲಿ ಅಡಿಗೆಮನೆಯ ನಲ್ಲಿಯ ಕೆಳಗೆ ಒಂದು ಹಣ್ಣು ಇಟ್ಟೆ. ಮೊದಲು ತಪ್ಪಲೆಯ ನೀರಿನಲ್ಲಿ ಸೇಬು ಇಟ್ಟು ನೋಡಿದ್ದೆ. ಅದು ತೇಲಿ ಓಲಾಡಿ, ನೀರಿನೊಡನೆ ತಾನೂ ಮಸುಕಾಯಿತು. ಕೊನೆಗೆ ಕವುಚಿದ ತಟ್ಟೆಯ ಮೇಲೆ ಮಾವಿನಹಣ್ಣು ಅಲುಗದ ಹಾಗೆ ಕೂತಿತು. ಕ್ಯಾಮೆರಾವನ್ನು ಅಕ್ಕಿಡಬ್ಬದ ಮೇಲಿಟ್ಟೆ. ಗುಂಡಿ ಒತ್ತುವಾಗ ಕೈ ನಡುಗಬಾರದೆಂದು ಟೈಮರ್ ಹಾಕಿದೆ.

ಒಂದೇ ಕಿಟಕಿಯ ಬೆಳಕಿನಲ್ಲಿ ಮೂರು ಚಿತ್ರ. ಮೊದಲನೆಯದು ಸೆಕೆಂಡಿನ 1/500 ಭಾಗದಲ್ಲಿ. ಅಷ್ಟು ಕಡಿಮೆ ಹೊತ್ತಿಗೆ ಬೆಳಕು ಸಾಲದೆ ಐಎಸ್ಒ 6400ಕ್ಕೆ ಏರಿಸಬೇಕಾಯಿತು. ಹಣ್ಣಿನ ಸುತ್ತ ಹನಿಗಳು ಗಾಜಿನ ಮಣಿಗಳಂತೆ ಗಾಳಿಯಲ್ಲಿ ತೂಗಿದವು. ಎರಡನೆಯದು ಐಎಸ್ಒ 100, ಎಫ್ 4, ಸೆಕೆಂಡಿನ 1/8 ಭಾಗ. ಹನಿಗಳೆಲ್ಲ ಗೆರೆಗಳಾದವು, ಯಾವ ಹನಿ ಎಲ್ಲಿ ಬಡಿದು ಎತ್ತ ಸಿಡಿಯಿತೆಂದು ಓದಬಹುದಿತ್ತು. ಮೂರನೆಯದಕ್ಕೆ ರಂಧ್ರವನ್ನು ಎಫ್ 22ಕ್ಕೆ ಕಿರಿದು ಮಾಡಿದೆ. ಆಗ ಒಳಬರುವ ಬೆಳಕು 32ರಲ್ಲಿ ಒಂದು ಪಾಲು. ಹಾಗಾಗಿ 1/8ರ ಬದಲು ಪೂರಾ 4 ಸೆಕೆಂಡು. ಈ ಸಲ ಗೆರೆಗಳೂ ಕರಗಿ ಬರೀ ಮಂಜಾಯಿತು. ಮೂರರಲ್ಲೂ ಹಣ್ಣು ಮಾತ್ರ ಇದ್ದ ಹಾಗೇ ಇತ್ತು, ಸಿಪ್ಪೆಯ ಚುಕ್ಕೆಗಳ ಸಮೇತ.

ಅಷ್ಟರಲ್ಲಿ ಅಮ್ಮ ಬಂದರು. "ಎಂತ ಮಾರಾಯ ಇದು? ಒಂದು ಮಾವಿನಹಣ್ಣು ತೊಳೀಲಿಕ್ಕೆ ಮೂರು ಬಾಲ್ದಿ ನೀರು ಬೇಕಾ?" ಆಮೇಲಿನ ಪ್ರಯೋಗವೆಲ್ಲ ಕೆಳಗೆ ಬಾಲ್ದಿ ಇಟ್ಟುಕೊಂಡೇ ನಡೆಯಿತೆಂದು ಬೇರೆ ಹೇಳಬೇಕಾಗಿಲ್ಲ.

ನನಗೆ ಹೊಳೆದದ್ದು ಇಷ್ಟು. ಹನಿ ಗೆರೆಯಾಗುವ ತನಕ ಸ್ಲೋ ಶಟರ್ ನೀರಿನ ಮಾತನ್ನೇ ಆಡುತ್ತದೆ. ಗೆರೆ ಮಂಜಾದ ಮೇಲೆ ಅದು ನಮ್ಮ ಮಾತು. ಮತ್ತೊಂದು ವಿಷಯ, ನಿಂತ ಹಣ್ಣು ಇದ್ದದ್ದರಿಂದಲೇ ನೀರು ಓಡಿದ್ದು ಗೊತ್ತಾಯಿತು. ಅಲುಗದ್ದೊಂದು ಸಾಕ್ಷಿಗೆ ಬೇಕು.

1838ರಲ್ಲಿ ಡಾಗೇರ್ ಪ್ಯಾರಿಸಿನ ಒಂದು ದೊಡ್ಡ ಬೀದಿಯ ಚಿತ್ರ ತೆಗೆದಾಗ ಹಲವು ನಿಮಿಷ ಕಾಯಬೇಕಾಯಿತು. ಓಡಾಡುವ ಗಾಡಿಗಳು, ಜನ, ಎಲ್ಲ ಮಾಯ. ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ನಿಂತವನೊಬ್ಬ ಉಳಿದುಕೊಂಡ. ಡಾಗೇರನಿಗೆ ಬೇರೆ ದಾರಿಯಿರಲಿಲ್ಲ, ಅವನ ತಗಡು ಬೆಳಕು ಹೀರುತ್ತಿದ್ದದ್ದೇ ಅಷ್ಟು ನಿಧಾನ. ನಮಗೆ ದಾರಿಯಿದೆ. ಈಗ ಮೊಬೈಲಿನಲ್ಲೂ ನೀರನ್ನು ಹಾಲು ಮಾಡಬಹುದು. ಆದ್ದರಿಂದ ಏನನ್ನು ಅಳಿಸಿದೆವು ಎಂಬುದಕ್ಕೆ ನಾವೇ ಜವಾಬುದಾರರು.

ನಮ್ಮ ಎಷ್ಟೋ ಮನೆಗಳ ಗೋಡೆಯ ಮೇಲೆ ಜೋಗದ ಕ್ಯಾಲೆಂಡರ್ ತೂಗಾಡಿದೆ. ರಾಜ, ರಾಣಿ, ರೋರರ್, ರಾಕೆಟ್. ಒಬ್ಬ ಗರ್ಜಿಸುವವನು, ಒಬ್ಬ ಚಿಮ್ಮುವವನು. ಹೆಸರಿಟ್ಟವರು ರಭಸ ನೋಡಿಯೇ ಇಟ್ಟಿರಬೇಕು. 253 ಮೀಟರ್ ಧುಮುಕುವ ಆ ನಾಲ್ವರಿಗೂ ನಾವು ಒಂದೇ ಬಿಳಿಪಂಚೆ ಉಡಿಸಿ ಕೂರಿಸುತ್ತೇವೆ. ಊರಿನಲ್ಲಿರುವವರಿಗೆ ಚಿಂತೆಯಿಲ್ಲ, ಅವರಿಗೆ ನಿಜವಾದ ನೀರು ಗೊತ್ತು. ಮುಂಬಯಿಯಲ್ಲೇ ಹುಟ್ಟಿ ಬೆಳೆದ ನಮ್ಮಂಥವರಿಗೆ ಊರೆಂದರೆ ಬಹುಪಾಲು ಚಿತ್ರಗಳೇ. ಚಿತ್ರದಲ್ಲಿ ಹಾಲೇ ಹರಿದರೆ, ನೆರೆ ಬಂತೆಂದು ಊರಿನಿಂದ ಫೋನು ಬಂದಾಗ ನಮಗೆ ಏನು ಅರ್ಥವಾದೀತು? ಹಾಲಿಗೆ ನೀರು ಬೆರೆಸುವವನನ್ನು ಬೈಯುತ್ತೇವೆ. ನೀರಿಗೆ ಹಾಲು ಬೆರೆಸುವವನಿಗೆ ಚಪ್ಪಾಳೆ ತಟ್ಟುತ್ತೇವೆ!

ಕೊನೆಗೊಂದು ತಪ್ಪೊಪ್ಪಿಗೆ. ಆ ದಿನ ತೋಡಿನ ದಡದಲ್ಲಿ, ಕೊಚ್ಚಿಹೋದ ಸಂಕದ ಒಂದು ಮುರಿದ ಕಂಬ ಇನ್ನೂ ನಿಂತಿತ್ತು. ಅಂದ ಕೆಡುತ್ತದೆಂದು ಅದನ್ನು ಚೌಕಟ್ಟಿನಿಂದ ಹೊರಗಿಟ್ಟವನು ನಾನೇ. ಅಲುಗದೆ ನಿಂತಿದ್ದ ಸಾಕ್ಷಿ ಅದೊಂದೇ ಆಗಿತ್ತು. ಸುಳ್ಳು ಹೇಳಿದ್ದು ಶಟರಲ್ಲ.

ಮುಂದಿನ ಮಳೆಗಾಲ ಮತ್ತೆ ಹೋಗುತ್ತೇನೆ. ಕಂಬ ಚೌಕಟ್ಟಿನ ಒಳಗಿರುತ್ತದೆ, ಶಟರು 1/8ರ ಆಚೀಚೆ ಇರುತ್ತದೆ. ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಲಿ, ಜಗಳಕ್ಕೆ ನಾನು ತಯಾರು. ಆದರೆ ಮೊದಲು ನಲ್ಲಿಯ ಕೆಳಗೊಂದು ಹಣ್ಣು ಇಟ್ಟು ನೋಡಿ. ಬಾಲ್ದಿ ಮರೆಯಬೇಡಿ.