ಕ್ಯಾನ್ಸರ್ ಗೆದ್ದವರಿಗೆ ಬೇಕು ಮನೆ ಹತ್ತಿರದ ವೈದ್ಯರ ಆಸರೆ

ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆ ಮುಂಬಯಿ ಕನ್ನಡಿಗರಿಗೆ ಅಪರಿಚಿತವಲ್ಲ. 1941ರಲ್ಲಿ ಆರಂಭಗೊಂಡು 1962ರಿಂದ ಕೇಂದ್ರದ ಅಣುಶಕ್ತಿ ಇಲಾಖೆಯ ಅಧೀನದಲ್ಲಿರುವ ಈ ಆಸ್ಪತ್ರೆಗೆ ಊರಿನಿಂದ ಬಂದ ಬಂಧುಗಳನ್ನು ಕರೆದೊಯ್ದ, ರಕ್ತ ಕೊಟ್ಟ, ಹೊರಗೆ ಕಾದು ಕುಳಿತ ಅನುಭವ ಇಲ್ಲಿನ ಅನೇಕ ಮನೆಗಳಲ್ಲಿದೆ. ಚಿಕಿತ್ಸೆಗೆ ಧನಸಹಾಯ ನೀಡುವುದರಲ್ಲಿ ಇಲ್ಲಿನ ಜಾತೀಯ ಸಂಘಟನೆಗಳೂ ಹಿಂದೆ ಬಿದ್ದಿಲ್ಲ. ಆದರೆ ಚಿಕಿತ್ಸೆ ಮುಗಿದು ಮನೆಗೆ ಬಂದವರ ಮುಂದಿನ ಪಾಡೇನು ಎಂಬ ಬಗ್ಗೆ ಯಾರೂ ಹೆಚ್ಚು ಯೋಚಿಸಿದಂತಿಲ್ಲ.

ಕ್ಯಾನ್ಸರ್ ಚಿಕಿತ್ಸೆ ಡಿಸ್‌ಚಾರ್ಜ್ ಕಾಗದದೊಂದಿಗೆ ಮುಗಿಯುವುದಿಲ್ಲ. ಮೊದಲ ಎರಡು ಮೂರು ವರ್ಷ ಕೆಲವು ತಿಂಗಳಿಗೊಮ್ಮೆ, ಐದು ವರ್ಷಗಳ ನಂತರ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ತಪಾಸಣೆ ಆಗಬೇಕು. ಸ್ತನ ಕ್ಯಾನ್ಸರ್ ಆದವರಲ್ಲಿ ಅನೇಕರು ಐದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಮಾತ್ರೆ ಸೇವಿಸಬೇಕಾಗುತ್ತದೆ. ಇಷ್ಟಕ್ಕೂ ಪರೇಲಿಗೇ ಹೋಗಬೇಕೆಂದರೆ ಡೊಂಬಿವಲಿಯ ಹೊಟೇಲ್ ಕಾರ್ಮಿಕನೊಬ್ಬ ಒಂದು ದಿನದ ಸಂಬಳ ಬಿಡಬೇಕು, ಬೆಳಗಿನ ಗರ್ದಿಯ ಲೋಕಲ್‌ನಲ್ಲಿ ನಿಂತು ಹೋಗಬೇಕು, ಹೊಸ ರೋಗಿಗಳ ಸಾಲಿನ ನಡುವೆ ಸಂಜೆಯವರೆಗೆ ಕಾಯಬೇಕು. ಎರಡು ಸಲ ಹೋದವನು ಮೂರನೆಯ ಸಲ 'ಈಗ ಆರಾಮ ಇದ್ದೇನಲ್ಲ' ಎಂದು ಮನೆಯಲ್ಲೇ ಉಳಿದರೆ ಆಶ್ಚರ್ಯವಿಲ್ಲ. ರೋಗ ಮರುಕಳಿಸಿದ್ದು ತಡವಾಗಿ ತಿಳಿಯುವುದು ಹೀಗೆಯೇ.

ಜ್ವರ, ಕೆಮ್ಮು ಬಂದಾಗ ಆತ ಹೋಗುವುದು ತನ್ನ ಬಡಾವಣೆಯ ಫ್ಯಾಮಿಲಿ ಡಾಕ್ಟರ ಬಳಿಗೆ. ಅವರಿಗೆ ಹಿಂದಿನ ಚಿಕಿತ್ಸೆಯ ವಿವರ ಗೊತ್ತಿರುವುದಿಲ್ಲ. ಮಗಳ ಮದುವೆಗೆ ಅಡ್ಡಿಯಾದೀತೆಂದು ಕಾಯಿಲೆಯನ್ನೇ ಮುಚ್ಚಿಡುವವರೂ ಇದ್ದಾರೆ. ಇದು ಅಪಾಯಕಾರಿ. ಬಾಯಿಯ ಕ್ಯಾನ್ಸರಿಗೆ ವಿಕಿರಣ ಪಡೆದವರ ಹಲ್ಲನ್ನು ವಿಷಯ ತಿಳಿಯದೆ ಕಿತ್ತರೆ ದವಡೆಯ ಎಲುಬೇ ಕೊಳೆಯುವ ಸಾಧ್ಯತೆಯಿದೆ. ಕುತ್ತಿಗೆಗೆ ವಿಕಿರಣ ತಗಲಿದವರಿಗೆ ಥೈರಾಯ್ಡ್ ದೋಷ ವರ್ಷಗಳ ನಂತರವೂ ಕಾಣಿಸಬಹುದು. ಒಂದು ಸಾಮಾನ್ಯ ರಕ್ತ ಪರೀಕ್ಷೆ ಅದನ್ನು ತೋರಿಸುತ್ತದೆ. ಕೆಲವು ಔಷಧಿಗಳು ಹೃದಯವನ್ನು ದುರ್ಬಲಗೊಳಿಸುತ್ತವೆ. ಏದುಸಿರು ಎಂದು ಬಂದವರನ್ನು ನೋಡುವಾಗ ವೈದ್ಯರಿಗೆ ಇದು ತಿಳಿದಿರಲೇಬೇಕು.

ಫ್ಯಾಮಿಲಿ ಡಾಕ್ಟರಿಂದ ಇದೆಲ್ಲ ಆದೀತೇ ಎಂಬ ಸಂಶಯ ಸಹಜ. ಕೆನಡಾದಲ್ಲಿ ಆರಂಭದ ಹಂತದ ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ 968 ಮಹಿಳೆಯರಲ್ಲಿ ಕೆಲವರನ್ನು ಕುಟುಂಬ ವೈದ್ಯರಿಗೆ, ಉಳಿದವರನ್ನು ತಜ್ಞರಿಗೆ ಒಪ್ಪಿಸಿ ನೋಡಲಾಯಿತು. 2006ರಲ್ಲಿ ಪ್ರಕಟವಾದ ಫಲಿತಾಂಶದಂತೆ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಅಲ್ಲಿ ಕುಟುಂಬ ವೈದ್ಯರ ಕೈಗೆ ಏನು ನೋಡಬೇಕು, ಯಾವಾಗ ತಿರುಗಿ ಕಳುಹಿಸಬೇಕು ಎಂಬ ಲಿಖಿತ ಮಾರ್ಗಸೂಚಿ ಇತ್ತು ಎಂಬುದನ್ನು ಮರೆಯಬಾರದು. ಇಲ್ಲಿ ಇಲ್ಲದಿರುವುದು ಅದೇ.

ಟಾಟಾ ಆಸ್ಪತ್ರೆಯಲ್ಲಿ ಬಾಲ್ಯದ ಕ್ಯಾನ್ಸರ್ ಗೆದ್ದವರಿಗಾಗಿ 1991ರಿಂದಲೇ ಪ್ರತ್ಯೇಕ ಕ್ಲಿನಿಕ್ ಇದೆ. ಅಲ್ಲಿ ತಡವಾಗಿ ಕಾಣಿಸುವ ತೊಂದರೆಗಳ ಮೇಲೆ ನಿಗಾ ಇಡಲಾಗುತ್ತದೆ. ದೊಡ್ಡವರ ವಿಷಯದಲ್ಲಿಯೂ ಇಂಥ ಕಾಳಜಿ ವಿಸ್ತರಿಸಬೇಕಾದರೆ ಉಪನಗರಗಳ ವೈದ್ಯರ ಸಹಕಾರ ಅನಿವಾರ್ಯ. ಮರುಕಳಿಕೆಯ ಸಂಶಯ, ಸ್ಕ್ಯಾನ್, ಔಷಧಿ ಬದಲಾವಣೆ ತಜ್ಞರ ಕೆಲಸ. ತೂಕ, ರಕ್ತದೊತ್ತಡ, ಸಕ್ಕರೆ, ಥೈರಾಯ್ಡ್, ಮಾತ್ರೆ ತಪ್ಪದಂತೆ ನೋಡುವುದು, ತಂಬಾಕು ಬಿಡಿಸುವುದು, ಮನಸ್ಸಿಗೆ ಧೈರ್ಯ ತುಂಬುವುದು ಮನೆ ಹತ್ತಿರದ ವೈದ್ಯರಿಂದ ಆಗುವಂಥದ್ದು.

ಬ್ಯಾಂಕಿನಲ್ಲಿ ಖಾತೆ ಇರುವವನ ಕೈಯಲ್ಲಿ ಪಾಸ್‌ಬುಕ್ ಇರುವಂತೆ ಇವರ ಕೈಯಲ್ಲೂ ಒಂದು ಹಾಳೆ ಇರಲಿ: ಯಾವ ಕ್ಯಾನ್ಸರ್, ಯಾವ ಶಸ್ತ್ರಕ್ರಿಯೆ, ಯಾವ ಔಷಧಿ, ವಿಕಿರಣ ಎಲ್ಲಿಗೆ, ಮುಂದಿನ ತಪಾಸಣೆ ಎಂದು. ನಿವೃತ್ತಿಯ ಬಳಿಕ ಉಡುಪಿಗೋ ಮಂಗಳೂರಿಗೋ ಮರಳುವವರಿಗೂ ಇದು ಆಧಾರ. ವರ್ಷವರ್ಷ ಉಚಿತ ವೈದ್ಯಕೀಯ ಶಿಬಿರ ನಡೆಸುವ ಸಂಘ ಸಂಸ್ಥೆಗಳಲ್ಲಿ ಸಮಾಜದ ವೈದ್ಯರಿದ್ದಾರೆ. ಶಿಬಿರದಲ್ಲಿ ಒಂದು ಮೇಜನ್ನು ಇದಕ್ಕಾಗಿ ಮೀಸಲಿಟ್ಟು, ತಜ್ಞರ ಫೈಲು ನೋಡಿ ಆ ಹಾಳೆ ಬರೆದುಕೊಡುವ ವ್ಯವಸ್ಥೆ ಮಾಡಿದರೆ ದೊಡ್ಡ ಖರ್ಚೇನೂ ಇಲ್ಲ. ಚಿಕಿತ್ಸೆಗೆ ಲಕ್ಷಗಟ್ಟಲೆ ಕೂಡಿಸಿಕೊಟ್ಟ ಸಮಾಜ, ಉಳಿದ ಜೀವವನ್ನು ಕಾಯಲು ಇಷ್ಟಾದರೂ ಮಾಡಬೇಕು.